ಅಪ್ಪನ ಮಾತ್ರೆ ಹಾಲಿನ ಜೊತೆ ಬೇಡ

ಲುಂಡ್, ಸ್ವೀಡನ್
ಡಿಸೆಂಬರ್

ಅಮ್ಮಾ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನಿನ್ನ ಪತ್ರದಲ್ಲಿ ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಅಂತ ಓದಿದಾಗಿನಿಂದ ಬೇರೇನೂ ತಲೆಗೆ ಹೋಗುತ್ತಿಲ್ಲ. ಒಳಗೆ ಏನಾಗಿದೆ ಅಂತ ಕೇಳಿದ್ದೀಯ, ಹೇಳುತ್ತೇನೆ. ಮೊದಲು ಇದು: ಲೆವೊಡೋಪಾ ಮಾತ್ರೆ ಹಾಲಿನ ಜೊತೆ ಕೊಡಬೇಡ. ಹಾಲು, ಬೇಳೆಯ ಪ್ರೋಟೀನೂ ಆ ಔಷಧವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ದಾರಿಯಲ್ಲಿ ಹೋಗಬೇಕು, ನೂಕುನುಗ್ಗಲಾಗುತ್ತದೆ. ಊಟಕ್ಕೆ ಅರ್ಧ ಗಂಟೆ ಮುಂಚೆ ನೀರಲ್ಲಿ ಕೊಡಲಾ ಅಂತ ಡಾಕ್ಟರನ್ನು ಕೇಳು. ವಾಕರಿಕೆಗೆ ಸುಮ್ನೆ ಅಂಗಡಿಯಿಂದ ಮಾತ್ರೆ ತರಬೇಡಿ. ಮೆಟೋಕ್ಲೋಪ್ರಮೈಡ್ ಅಂತೂ ಬೇಡವೇ ಬೇಡ, ಅದು ಮೈಕೈ ಆಡಿಸಲು ಮೆದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನೇ ತಡೆದು ನಡುಕ ಜಾಸ್ತಿ ಮಾಡುತ್ತದೆ. ಚಿಕ್ಕಪ್ಪ ಹೇಳಿದ ನಸುಗುನ್ನಿ ಬೀಜದಲ್ಲಿ ಲೆವೊಡೋಪಾ ಇರುವುದು ನಿಜ, ಆದರೆ ಮಾತ್ರೆಯ ಮೇಲೆ ಅದನ್ನೂ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ಮೆದುಳಿನ ಬುಡದ ಹತ್ತಿರ ಕಪ್ಪಗಿನ ಸಣ್ಣ ಜಾಗ ಒಂದಿದೆ. ಅಲ್ಲಿನ ನರಕೋಶಗಳು ಡೋಪಮಿನ್ ಮಾಡಿ, ಪುಟ್ಟ ಚೀಲಗಳಲ್ಲಿ ತುಂಬಿಟ್ಟು, ಬೇಕಾದಾಗ ಹೊರಗೆ ಬಿಡುತ್ತವೆ. ಹಾರ್ಮೋನು ಸುರಿಸುವ ಕೋಶಗಳದ್ದೂ ಹೀಗೇ. ಅದಕ್ಕೇ ನಾವು ಲ್ಯಾಬಿನಲ್ಲಿ ಇಲಿಯ ಕಿಡ್ನಿ ಮೇಲಿನ ಗ್ರಂಥಿಯ ಗೆಡ್ಡೆಯಿಂದ ಬಂದ ಕೋಶಗಳನ್ನು ಬೆಳೆಸಿ ನೋಡುವುದು. ಪಾರ್ಕಿನ್ಸನ್‌ನಲ್ಲಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ತಪ್ಪಾಗಿ ಮಡಚಿಕೊಂಡು, ಒಂದಕ್ಕೊಂದು ಅಂಟಿ, ನರಕೋಶದೊಳಗೆ ಗಂಟು ಕಟ್ಟುತ್ತದೆ. ಕೋಶಗಳು ಒಂದೊಂದಾಗಿ ಸಾಯುತ್ತವೆ, ಡೋಪಮಿನ್ ಸಾಲದಾಗುತ್ತದೆ. ಅಪ್ಪನ ಲೆವೊಡೋಪಾ ಮೆದುಳಿಗೆ ಹೋಗಿ ಡೋಪಮಿನ್ ಆಗುತ್ತದೆ. ಕೈ ನಡುಗುವುದಕ್ಕೆ ಎಷ್ಟೋ ವರ್ಷ ಮುಂಚೆಯೇ ಇದು ಶುರುವಾಗಿರುತ್ತದೆ ಅಮ್ಮ, ನೀನು ನೋಡಲಿಲ್ಲ ಅಂತ ಕೊರಗಬೇಡ.

ಗೊತ್ತಾ, ಇದರ ಕತೆ ನಾನಿರುವ ಊರಿನದ್ದೇ! 1957ರಲ್ಲಿ ಆರ್ವಿಡ್ ಕಾರ್ಲ್‌ಸನ್ ಎಂಬ ವಿಜ್ಞಾನಿ ಇಲ್ಲಿ ಮೊಲಗಳಿಗೆ ರಿಸರ್ಪಿನ್ ಕೊಟ್ಟರು. ಅದು ನಮ್ಮ ಸರ್ಪಗಂಧದ ಬೇರಿನಲ್ಲಿರುವುದು. ಆ ಚೀಲಗಳು ಖಾಲಿಯಾಗಿ ಮೊಲಗಳು ಕಿವಿ ಜೋತುಬಿಟ್ಟು ಬಿದ್ದುಕೊಂಡವು. ಅಪ್ಪನ ಮಾತ್ರೆಯಲ್ಲಿರುವಂಥದ್ದೇ ಡೋಪಾ ಚುಚ್ಚಿದ ಸ್ವಲ್ಪ ಹೊತ್ತಿಗೆ ಎದ್ದು ಓಡಾಡಿದವು. 2000ದಲ್ಲಿ ಅವರಿಗೆ ನೊಬೆಲ್ ಬಂತು. ಅಪ್ಪನಿಗೆ ಇದನ್ನು ಓದಿ ಹೇಳು.

ಮೂರೂವರೆಗೆಲ್ಲ ಇಲ್ಲಿ ಕತ್ತಲೆ. ಆದರೂ ನಾನು ಒಬ್ಬಳೇ ಕೂತಿರುವುದಿಲ್ಲ, ದಿನಾ ಎಲ್ಲರೂ ಸೇರಿ ಕಾಫಿ ಕುಡಿಯುತ್ತೇವೆ, ಪ್ರೊಫೆಸರ್ ಕೂಡ ತಮ್ಮ ಲೋಟ ತಾವೇ ತೊಳೆಯುತ್ತಾರೆ. ಊಟ ಸರಿಯಾಗಿ ಮಾಡುತ್ತಿದ್ದೇನೆ, ದುಡ್ಡಿದೆ, ಸ್ವೆಟರ್ ಎರಡಿದೆ, ನನ್ನ ಯೋಚನೆ ಬೇಡವೇ ಬೇಡ. ಅಪ್ಪ ದಿನಾ ನಡೆಯಲಿ. ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಬಸ್ಸಿಗೆ ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ಅಪ್ಪನನ್ನು ಹತ್ತಿರ ಕೂರಿಸಿಕೊ.

ನಿನ್ನ
ಸುಮಾ