ಓಸಿ ಬಂತು, ಈಗ ಥ್ಯಾಂಕ್ಸ್ ಹೇಳಬಹುದು

ಕಳೆದ ವಾರ ನಮ್ಮ ಕಟ್ಟಡಕ್ಕೆ ಓಸಿ, ಅಂದರೆ ಜನ ಬಂದು ಬಳಸಬಹುದು ಅನ್ನುವ ಆಕ್ಯುಪೆನ್ಸಿ ಸರ್ಟಿಫಿಕೇಟ್, ಸಿಕ್ಕಿತು. ಹೆಬ್ಬಾಳದ ಹತ್ತಿರ ಹನ್ನೆರಡು ಮಹಡಿಯ ಆಫೀಸು ಕಟ್ಟಡ ಅದು. 2019ರಲ್ಲಿ ಪಾಯ ತೋಡುವಾಗ ಬಂಡೆ ಸಿಕ್ಕಿತ್ತು. ಬೆಂಗಳೂರಲ್ಲಿ ಬಂಡೆ ಸಿಗದಿದ್ದರೇ ಸುದ್ದಿ, ಅಲ್ವಾ? ಆಮೇಲೆ ಲಾಕ್‌ಡೌನ್ ಬಂತು, ಆಳುಗಳು ಊರಿಗೆ ಹೋದರು, ಕಟ್ಟಡದ ಕಬ್ಬಿಣ ಮಳೆಗೆ ನೆನೆದು ತುಕ್ಕು ಹಿಡಿಯಿತು. ಅರ್ಧ ಸಂಬಳ ಬಂದರೂ ನಮ್ಮ ಆರ್ಕಿಟೆಕ್ಟ್ ಆಫೀಸು ಯಾರನ್ನೂ ಮನೆಗೆ ಕಳಿಸಲಿಲ್ಲ. ಅದಕ್ಕೊಂದು ಥ್ಯಾಂಕ್ಸ್ ಮೊದಲೇ ಹೇಳಿಬಿಡುತ್ತೇನೆ.

ಆದರೆ ದೊಡ್ಡ ಥ್ಯಾಂಕ್ಸ್ ಸಲ್ಲಬೇಕಾದದ್ದು ರಾಯಚೂರು ಕಡೆಯ ಬಾರ್ ಬೆಂಡಿಂಗ್ ಮೇಸ್ತ್ರಿಗೆ, ಅಂದರೆ ಕಾಂಕ್ರೀಟಿನೊಳಗಿನ ಕಬ್ಬಿಣ ಬಗ್ಗಿಸಿ ಕಟ್ಟುವವರಿಗೆ.

ನಾಲ್ಕನೇ ಮಹಡಿಯ ಮೆಟ್ಟಿಲಿನ ಡ್ರಾಯಿಂಗ್ ನನ್ನದು. ಮೆಟ್ಟಿಲ ಎತ್ತರ 150 ಮಿಲಿಮೀಟರ್, ಅಗಲ 300, ಎಲ್ಲ ಕಟ್ಟಡ ಕೋಡ್ ಪ್ರಕಾರವೇ ಇತ್ತು. ಮೇಲಿನ ಬೀಮ್ ಎಷ್ಟು ಕೆಳಗೆ ಇಳಿಯುತ್ತದೆ ಅಂತ ಮಾತ್ರ ನೋಡಿರಲಿಲ್ಲ. ಅದು ಸ್ಟ್ರಕ್ಚರಲ್ ಇಂಜಿನಿಯರ್ ಡ್ರಾಯಿಂಗ್ ಹಾಳೆಯಲ್ಲಿತ್ತು. ಬೀಮಿನ ತಳದ ಹಲಗೆ ಹೊಡೆದಾಗಿತ್ತು, ಕಬ್ಬಿಣ ಇನ್ನೂ ಇಳಿಸಿರಲಿಲ್ಲ. ಮೇಸ್ತ್ರಿ ಮೆಟ್ಟಿಲು ಹತ್ತಿ ಬಂದವರು ಅಲ್ಲೇ ನಿಂತು, ‘ಮೇಡಮ್, ಇಲ್ಲಿ ತಲಿ ಬಡಿತದ್ರಿ’ ಅಂದರು. ನಾನು ಐದಡಿ ಎರಡಂಗುಲ, ನನಗೆಲ್ಲಿ ಬಡಿಯಬೇಕು! ಟೇಪ್ ಹಿಡಿದೆವು. ಮೆಟ್ಟಿಲಿಂದ ಬೀಮಿನ ತಳಕ್ಕೆ 1.95 ಮೀಟರ್. ಬೇಕಿದ್ದದ್ದು 2.2.

ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ. ಮರುದಿನ ಮೀಟಿಂಗಿನಲ್ಲಿ ನಮ್ಮ ಬಾಸ್, ‘ಡ್ರಾಯಿಂಗ್ ನಮ್ಮದು, ತಪ್ಪೂ ನಮ್ಮದು’ ಅಂದರು. ನನ್ನ ಹೆಸರು ಎತ್ತಲಿಲ್ಲ. ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ, ಬೀಮನ್ನು ಎರಡು ಮೆಟ್ಟಿಲಿನಷ್ಟು ಹಿಂದೆ ಸರಿಸಿ ಕೊಟ್ಟರು. ತಲೆಯ ಮೇಲೆ ಇನ್ನೂ 300 ಮಿಲಿಮೀಟರ್ ಜಾಗ ಸಿಕ್ಕಿತು. ಕಾಂಕ್ರೀಟ್ ಬಿದ್ದ ಮೇಲೆ ಗೊತ್ತಾಗಿದ್ದರೆ ಒಡೆಯಬೇಕಿತ್ತು. ಹೊರಗೆ ಬಂದ ಮೇಲೆ ಬಾಸ್, ‘ನಾಳೆಯಿಂದ ವಾರಕ್ಕೆ ಮೂರು ದಿನ ಸೈಟಲ್ಲಿರು’ ಅಂದರು. ಶಿಕ್ಷೆ ಅಂದುಕೊಂಡೆ.

ಡ್ರಾಯಿಂಗ್ ಓದೋದನ್ನು ನಾನು ನಿಜವಾಗಿ ಕಲಿತದ್ದು ಆಮೇಲೆಯೇ. ಹಗಲು ದೊಡ್ಡ ಲಾರಿ ಬಿಡೋದಿಲ್ಲ, ಹಾಗಾಗಿ ಸ್ಲ್ಯಾಬಿಗೆ ಕಾಂಕ್ರೀಟ್ ಹಾಕೋದೆಲ್ಲ ರಾತ್ರಿಯೇ. ಹನ್ನೊಂದಕ್ಕೆ ಮೊದಲ ಮಿಕ್ಸರ್ ಬಂದರೆ ಬೆಳಗಿನ ಜಾವದವರೆಗೂ ಪಂಪ್ ನಿಲ್ಲುತ್ತಿರಲಿಲ್ಲ. ನಿದ್ದೆಗಣ್ಣಲ್ಲಿ ಗಟ್ಟಿತನದ ಪರೀಕ್ಷೆಗೆ ಕಾಂಕ್ರೀಟ್ ಕ್ಯೂಬ್ ತುಂಬಿಸಿ, ಇಪ್ಪತ್ತೆಂಟನೇ ದಿನದ ರಿಪೋರ್ಟ್ ಬರುವವರೆಗೂ ನನಗಿಂತ ಜಾಸ್ತಿ ಚಡಪಡಿಸುತ್ತಿದ್ದ ಲ್ಯಾಬ್ ಹುಡುಗನಿಗೆ ಥ್ಯಾಂಕ್ಸ್. ಪಂಪ್ ಆಪರೇಟರಿಗೂ. ಫೈರ್, ನೀರು, ಲಿಫ್ಟ್ ಅನುಮತಿ ಅಂತ ಕಚೇರಿ ಕಚೇರಿ ಅಲೆದ ನಮ್ಮ ಲೈಸನಿಂಗ್ ಸಾರ್‌ಗೆ ಥ್ಯಾಂಕ್ಸ್ ಸಾಲದು, ಹೊಸ ಚಪ್ಪಲಿ ಕೊಡಿಸಬೇಕು.

ಓಸಿ ಬಂದ ದಿನ ಮೇಸ್ತ್ರಿಗೆ ಫೋನ್ ಮಾಡಿದೆ. ಅವರೀಗ ದೇವನಹಳ್ಳಿ ಕಡೆ ಬೇರೆ ಸೈಟಿನಲ್ಲಿದ್ದಾರೆ. ಓಸಿ ಅಂದರೆ ಅವರಿಗೇನೂ ಅನ್ನಿಸಲಿಲ್ಲ. ‘ಆ ಪಾವಟಿಗಿ ಹ್ಯಾಂಗ ಅವ್ರಿ ಮೇಡಮ್?’ ಅಂತ ಮೆಟ್ಟಿಲನ್ನೇ ಕೇಳಿದರು. ಆರಡಿ ಎತ್ತರದ ಸೆಕ್ಯೂರಿಟಿಯವರನ್ನು ಬೀಮಿನ ಕೆಳಗೆ ನಿಲ್ಲಿಸಿ, ಫೋಟೋ ತೆಗೆದು ಕಳಿಸಿದೆ.