ಸಂಕೇತ ಎಲ್ಲಿ ನಿಲ್ಲುತ್ತದೆ ಅಂತ ನೋಡು

ಚಿ. ಮೇಧಾಳಿಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಹೊರಗಿನ ಸಂಕೇತವನ್ನು ಕೋಶಕ್ಕೆ ಮುಟ್ಟಿಸುವ ರಿಸೆಪ್ಟರ್ ಪ್ರೋಟೀನುಗಳ ಮೇಲೆ ಕೆಲಸ ಶುರು ಮಾಡುತ್ತಿದ್ದೀಯ ಎಂದು ತಿಳಿದು ತುಂಬಾ ಸಂತೋಷವಾಯಿತು. ಪಠ್ಯಪುಸ್ತಕದ ಚಿತ್ರಗಳಲ್ಲಿ ಸಂಕೇತದ ಹಾದಿ ತೋರಿಸುವ ಬಾಣಗಳೆಲ್ಲ ಕೋಶಪೊರೆಯಿಂದ ಕೆಳಕ್ಕೆ ಇಳಿಯುತ್ತಲೇ ಇರುತ್ತವೆ. ಅದನ್ನು ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ಪ್ರಯೋಗಾಲಯಕ್ಕೆ ಸಾಲದು. ಒಂದೊಂದು ಬಾಣ ಕಂಡಾಗಲೂ ಇದನ್ನು ನಿಲ್ಲಿಸುವುದು ಯಾವುದು ಎಂದು ಕೇಳಿಕೋ. ಸಂಕೇತ ಎಷ್ಟು ಹೊತ್ತು ಉಳಿಯಿತು ಎಂಬುದರ ಮೇಲೆಯೇ ಕೋಶ ಮುಂದೇನು ಮಾಡಬೇಕೆಂದು ತೀರ್ಮಾನಿಸುವುದು.

ನೀನು ಹಿಡಿದಿರುವ, ಇಜಿಎಫ್ ಎಂಬ ಬೆಳವಣಿಗೆಯ ಅಂಶದ ರಿಸೆಪ್ಟರನ್ನೇ ನೋಡು. ಸುದ್ದಿ ಮುಟ್ಟಿಸಲು ಇಜಿಎಫ್ ಕೋಶದೊಳಗೆ ಹೋಗಬೇಕಾಗಿಲ್ಲ. ಹೊರಭಾಗದಲ್ಲಿ ಅದು ಕೂತರೆ ರಿಸೆಪ್ಟರಿನ ಆಕಾರ ಬದಲಾಗಿ ಎರಡೆರಡು ಜೋಡಿಯಾಗುತ್ತವೆ. ಒಳಗೆ ಒಂದರ ಕೈನೇಸ್ ಭಾಗ (ಫಾಸ್ಫೇಟ್ ಅಂಟಿಸುವ ಭಾಗ) ಇನ್ನೊಂದರದ್ದಕ್ಕೆ ಒತ್ತಿಕೊಂಡು ಅದನ್ನು ಚಾಲೂ ಮಾಡುತ್ತದೆ, ಬಾಲದ ಟೈರೋಸಿನ್ ಎಂಬ ಅಮೈನೋ ಆಮ್ಲಗಳ ಮೇಲೆ ಫಾಸ್ಫೇಟ್ ಕೂರುತ್ತದೆ. ಗ್ರಬ್2 ಎಂಬ ಪ್ರೋಟೀನ್ ತನ್ನ ಎಸ್‌ಎಚ್2 ಭಾಗದಿಂದ ಆ ಜಾಗವನ್ನು ಹಿಡಿದು, ಸಾಸ್ ಎಂಬ ಪ್ರೋಟೀನನ್ನು ಪೊರೆಯ ಬಳಿಗೆ ಎಳೆದು ತರುತ್ತದೆ. ಸಾಸ್ ಮಾಡುವುದು ಇಷ್ಟೇ: ರಾಸ್ ಎಂಬ ಸ್ವಿಚ್‌ನಂಥ ಪ್ರೋಟೀನ್ ಹಿಡಿದುಕೊಂಡಿರುವ ಜಿಡಿಪಿ ಅಣುವನ್ನು ಬಿಡಿಸುತ್ತದೆ. ಕೋಶದಲ್ಲಿ ಜಿಟಿಪಿಯೇ ಬಹಳ ಹೆಚ್ಚಾಗಿರುವುದರಿಂದ ಖಾಲಿ ಜಾಗಕ್ಕೆ ಅದೇ ಬಂದು ಕೂರುತ್ತದೆ, ರಾಸ್ ಚಾಲೂ ಆಗುತ್ತದೆ. ಅಲ್ಲಿಂದ ಸಂಕೇತ ರಾಫ್, ಮೆಕ್, ಎರ್ಕ್ ಎಂಬ ಕೈನೇಸ್‌ಗಳಲ್ಲಿ ಒಂದರಿಂದ ಒಂದಕ್ಕೆ ದಾಟುತ್ತದೆ.

ಈಗ ನಿಲ್ಲಿಸುವ ಕಡೆ ಬಾ. ಜಿಟಿಪಿ ಒಡೆದು ಜಿಡಿಪಿಯಾದರೆ ರಾಸ್ ಆರುತ್ತದೆ, ಆದರೆ ರಾಸ್ ತಾನಾಗಿ ಅದನ್ನು ಒಡೆಯುವುದು ತೀರಾ ನಿಧಾನ. ಗ್ಯಾಪ್ ಪ್ರೋಟೀನುಗಳು ಬಂದು ತಮ್ಮ ಒಂದು ಆರ್ಜಿನಿನ್ ಅಮೈನೋ ಆಮ್ಲವನ್ನು ಅಲ್ಲಿ ತೂರಿಸಿದರೆ ಮಾತ್ರ ಆ ಕೆಲಸ ಸುಮಾರು ಲಕ್ಷ ಪಟ್ಟು ವೇಗವಾಗುತ್ತದೆ. ರಾಸ್‌ನ 12ನೇ ಗ್ಲೈಸಿನ್ ಜಾಗದಲ್ಲಿ ಬೇರೆ ಅಮೈನೋ ಆಮ್ಲ ಬಂದರೆ ಆ ಆರ್ಜಿನಿನ್‌ಗೆ ಸರಿಯಾಗಿ ಕೂರಲು ಆಗುವುದಿಲ್ಲ, ರಾಸ್ ಆರುವುದೇ ಇಲ್ಲ. ಎಷ್ಟೋ ಕ್ಯಾನ್ಸರ್‌ಗಳ ಹಿಂದೆ ಇರುವುದು ಈ ಒಂದು ಬದಲಾವಣೆ. ಇನ್ನೊಂದು ಕಡೆ, ಎರ್ಕ್ ತಾನೇ ಹಿಂದಕ್ಕೆ ಹೋಗಿ ಸಾಸ್ ಮೇಲೆ ಫಾಸ್ಫೇಟ್ ಹಾಕಿ ಅದನ್ನು ತಗ್ಗಿಸುತ್ತದೆ. ರಿಸೆಪ್ಟರ್ ಕೂಡ ಒಳಕ್ಕೆ ಎಳೆಯಲ್ಪಟ್ಟು, ನಾಶಕ್ಕೆ ಕಳಿಸುವ ಯುಬಿಕ್ವಿಟಿನ್ ಗುರುತು ಬಿದ್ದು, ಪ್ರೋಟೀನುಗಳನ್ನು ಜೀರ್ಣಿಸುವ ಲೈಸೋಸೋಮ್ ಸೇರುತ್ತದೆ.

ಇಲಿಯ ಗಡ್ಡೆಯಿಂದ ಬಂದ ಪಿಸಿ12 ಕೋಶಗಳ ಉದಾಹರಣೆಯನ್ನು ಮರೆಯಬೇಡ. ಇಜಿಎಫ್ ಕೊಟ್ಟರೆ ಎರ್ಕ್‌ನ ಚಟುವಟಿಕೆ ಏರಿ ಬೇಗ ಇಳಿಯುತ್ತದೆ, ಕೋಶಗಳು ವಿಭಜನೆಯಾಗುತ್ತವೆ. ನರಕೋಶಗಳನ್ನು ಬೆಳೆಸುವ ಎನ್‌ಜಿಎಫ್ ಕೊಟ್ಟರೆ ಅದೇ ಎರ್ಕ್ ಗಂಟೆಗಟ್ಟಲೆ ಏರಿಯೇ ಇರುತ್ತದೆ, ಕೋಶಗಳು ವಿಭಜನೆ ನಿಲ್ಲಿಸಿ ನರಕೋಶದಂತೆ ಎಳೆಗಳನ್ನು ಚಾಚುತ್ತವೆ. ಹಾದಿ ಒಂದೇ, ಹೊತ್ತು ಬೇರೆ. ಐದು ನಿಮಿಷದ ಒಂದೇ ಒಂದು ಸ್ಯಾಂಪಲ್ ತೆಗೆದವರಿಗೆ ಇವೆರಡೂ ಒಂದೇ ಥರ ಕಾಣುತ್ತವೆ.

ಅದಕ್ಕೇ ಹೇಳುತ್ತೇನೆ, 0, 2, 5, 15, 30, 60 ನಿಮಿಷ, ಇಷ್ಟು ಹೊತ್ತಿನ ಸ್ಯಾಂಪಲ್‌ಗಳನ್ನಾದರೂ ತೆಗೆ. ಹಿಂದಿನ ರಾತ್ರಿಯೇ ಕೋಶಗಳನ್ನು ಸೀರಮ್ (ರಕ್ತದ ತಿಳಿದ್ರವ) ಇಲ್ಲದ ಅಥವಾ 0.5% ಸೀರಮ್ ಇರುವ ಮೀಡಿಯಮ್‌ಗೆ ಹಾಕಿಡು, ಇಲ್ಲದಿದ್ದರೆ ಸೀರಮ್‌ನಲ್ಲಿರುವ ಬೆಳವಣಿಗೆಯ ಅಂಶಗಳಿಂದ ಸೊನ್ನೆ ನಿಮಿಷದಲ್ಲೇ ಎರ್ಕ್ ಏರಿರುತ್ತದೆ. ಬೆಳಿಗ್ಗೆ ಮತ್ತೆ ಮೀಡಿಯಮ್ ಬದಲಿಸಲು ಹೋಗಬೇಡ. ತಟ್ಟೆ ಅಲುಗಿದರೂ ತಣ್ಣನೆ ಮೀಡಿಯಮ್ ಸುರಿದರೂ ಎರ್ಕ್ ಏಳಬಹುದು. ಇಜಿಎಫ್ ಅನ್ನು ಬೆಚ್ಚಗಿನ ಮೀಡಿಯಮ್‌ನಲ್ಲಿ ಕಲಸಿ ಸ್ವಲ್ಪವೇ ಸೇರಿಸು, ಕೊನೆಯ ಪ್ರಮಾಣ ಮಿಲಿಲೀಟರ್‌ಗೆ 10ರಿಂದ 100 ನ್ಯಾನೋಗ್ರಾಂ ಇರಲಿ. ಸೊನ್ನೆ ನಿಮಿಷದ ತಟ್ಟೆಗೂ ಇಜಿಎಫ್ ಇಲ್ಲದ ಅದೇ ದ್ರಾವಣ ಬೀಳಬೇಕು.

ಸಮಯ ಮುಗಿದೊಡನೆ ತಟ್ಟೆ ಐಸ್ ಮೇಲೆ ಹೋಗಲಿ. ಕೋಶ ಒಡೆದ ಕ್ಷಣದಿಂದ ಫಾಸ್ಫಟೇಸ್‌ಗಳು ನಿನ್ನ ಫಾಸ್ಫೇಟ್‌ಗಳನ್ನು ಕಿತ್ತುಹಾಕುತ್ತಿರುತ್ತವೆ, ಆದ್ದರಿಂದ ಕೋಶ ಒಡೆಯುವ ಲೈಸಿಸ್ ಬಫರ್‌ಗೆ 1 ಮಿಲಿಮೋಲಾರ್ ಸೋಡಿಯಂ ಆರ್ಥೋವನಡೇಟ್, 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್ ಸೇರಿಸು. ಮೊದಲನೆಯದು ಟೈರೋಸಿನ್ ಮೇಲಿನ ಫಾಸ್ಫೇಟ್ ಕಾಯಲು, ಎರಡನೆಯದು ಸೆರೀನ್, ಥ್ರಿಯೋನಿನ್ ಮೇಲಿನದನ್ನು ಕಾಯಲು. ವನಡೇಟ್ ಅನ್ನು ಬಾಟಲಿಯಿಂದ ತೆಗೆದು ಹಾಗೇ ಹಾಕುವವರೇ ಜಾಸ್ತಿ, ಅದು ಕೆಲಸ ಮಾಡುವುದಿಲ್ಲ. 200 ಮಿಲಿಮೋಲಾರ್ ದ್ರಾವಣ ಮಾಡಿ ಪಿಎಚ್ 10ಕ್ಕೆ ತಂದರೆ ಹಳದಿ ಬಣ್ಣ ಕಾಣುತ್ತದೆ. ಬಣ್ಣ ಹೋಗುವ ತನಕ ಕುದಿಸು, ತಣ್ಣಗಾಗಿಸು, ಮತ್ತೆ ಪಿಎಚ್ 10ಕ್ಕೆ ತಾ, ಹಳದಿ ಮರಳಿದರೆ ಮತ್ತೆ ಕುದಿಸು. ಆರಿದ ಮೇಲೂ ತಿಳಿಯಾಗಿಯೇ, ಪಿಎಚ್ 10ರಲ್ಲೇ ಉಳಿದರೆ ತಯಾರಾಯಿತು. ಇಡಿಟಿಎ, ಡಿಟಿಟಿ ಎರಡೂ ವನಡೇಟ್‌ನ ಶಕ್ತಿ ಕುಂದಿಸುತ್ತವೆ ಎಂಬುದೂ ಗಮನದಲ್ಲಿರಲಿ.

ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ 44 ಮತ್ತು 42 ಕಿಲೋಡಾಲ್ಟನ್‌ನಲ್ಲಿ ಎರಡು ಗೆರೆ ಕಾಣಬೇಕು, ಎರ್ಕ್1 ಮತ್ತು ಎರ್ಕ್2. ಫಾಸ್ಫೇಟ್ ಕೂತ ಎರ್ಕನ್ನಷ್ಟೇ ಹಿಡಿಯುವ ಫಾಸ್ಫೋ ಆಂಟಿಬಾಡಿ ಹಾಕುವಾಗ ಮೆಂಬ್ರೇನನ್ನು ಹಾಲಿನ ಪುಡಿಯಲ್ಲಿ ಅದ್ದಬೇಡ. ಹಾಲಿನ ಕೇಸೀನ್ ತಾನೇ ಫಾಸ್ಫೇಟ್ ಹೊತ್ತ ಪ್ರೋಟೀನ್, ಹಿನ್ನೆಲೆಯೆಲ್ಲ ಕಪ್ಪಾಗಬಹುದು. 5% ಬಿಎಸ್‌ಎ (ದನದ ಸೀರಮ್‌ನ ಆಲ್ಬುಮಿನ್) ಬಳಸು. ಒಟ್ಟು ಎರ್ಕ್‌ನ ಬ್ಲಾಟ್ ಜೊತೆಗಿಲ್ಲದೆ ಫಾಸ್ಫೋ ಎರ್ಕ್‌ನ ಚಿತ್ರವನ್ನು ಯಾರಿಗೂ ತೋರಿಸಬೇಡ. ಗೆರೆ ದಪ್ಪಗಾದದ್ದು ಸಂಕೇತದಿಂದಲೋ, ಆ ಸಾಲಿಗೆ ಪ್ರೋಟೀನ್ ಜಾಸ್ತಿ ಬಿದ್ದದ್ದರಿಂದಲೋ ಆಗ ಮಾತ್ರ ಗೊತ್ತಾಗುವುದು. ಮೆಕ್ ತಡೆಯುವ ಯು0126 ಅನ್ನು 10 ಮೈಕ್ರೋಮೋಲಾರ್ ಕೊಟ್ಟ ತಟ್ಟೆಯೊಂದು ಇರಲಿ. ಅಲ್ಲೂ ಗೆರೆ ಉಳಿದರೆ ಆಂಟಿಬಾಡಿಯನ್ನು ಅನುಮಾನಿಸು.

ಜಿಟಿಪಿ ಹಿಡಿಯುವ ಜಿ-ಪ್ರೋಟೀನ್ ಮೂಲಕ ಸಂಕೇತ ಕಳಿಸುವ ರಿಸೆಪ್ಟರುಗಳ ಹಾದಿ ಬೇರೆ, ಪಾಠ ಇದೇ. ಸಂಕೇತ ದಾಟಲು ಜಿಟಿಪಿ ಬೇಕೇ ಬೇಕು ಎಂದು ರಾಡ್‌ಬೆಲ್ ಕಂಡರು, ಆ ಪ್ರೋಟೀನನ್ನು ಗಿಲ್ಮನ್ ಬೇರ್ಪಡಿಸಿದರು, 1994ರ ನೊಬೆಲ್ ಇಬ್ಬರಿಗೂ ಬಂತು. ಜಿಎಸ್ ಎಂಬ ಜಿ-ಪ್ರೋಟೀನಿನ ಆಲ್ಫಾ ಭಾಗ ಜಿಟಿಪಿಯನ್ನು ಒಡೆದಾಗ ಸಂಕೇತ ಆರುತ್ತದೆ. ಕಾಲರಾ ವಿಷ ಅದನ್ನೇ ತಡೆಯುತ್ತದೆ. ಈ ಹಾದಿಯಲ್ಲಿ ಕೋಶದೊಳಗೆ ಸುದ್ದಿ ಒಯ್ಯುವ ಸೈಕ್ಲಿಕ್ ಎಎಂಪಿ ಏರಿದ್ದು ಇಳಿಯದೆ ಕರುಳಿನಿಂದ ಉಪ್ಪು ನೀರು ಹರಿದುಹೋಗುತ್ತದೆ. ಮುಂದೆ ನೀನು ಸೈಕ್ಲಿಕ್ ಎಎಂಪಿ ಅಳೆಯುವಾಗ, ಅದನ್ನು ಒಡೆಯುವ ಫಾಸ್ಫೋಡೈಎಸ್ಟರೇಸ್ ತಡೆಯಲು ಐಬಿಎಂಎಕ್ಸ್ ಹಾಕು ಎನ್ನುತ್ತಾರೆ. ಅಳತೆ ಸುಲಭವಾಗುವುದು ನಿಜ. ಆದರೆ ಎಷ್ಟು ಬೇಗ ಇಳಿಯಿತು ಎಂದು ಕೇಳುವ ಪ್ರಯೋಗದಲ್ಲಿ ಅದನ್ನು ಹಾಕಿದರೆ ಇಳಿಸುವುದನ್ನೇ ಕಟ್ಟಿಹಾಕಿದಂತೆ. ಎರಡು ತಟ್ಟೆ ಇಡು, ಒಂದಕ್ಕೆ ಹಾಕು, ಒಂದಕ್ಕೆ ಬೇಡ.

ಮೊದಲ ಬ್ಲಾಟ್ ಆದಾಗ ಫಾಸ್ಫೋ ಎರ್ಕ್, ಒಟ್ಟು ಎರ್ಕ್ ಎರಡರ ಚಿತ್ರವನ್ನೂ ಕಳಿಸು, ಕತ್ತರಿಸದೆ ಪೂರ್ತಿ ಮೆಂಬ್ರೇನ್ ಕಾಣುವ ಹಾಗೆ.

ಇತಿ,
ನಿನ್ನ ಅತ್ತೆ