ಓದುಗರನ್ನು ಬೈಯುವ ಮೊದಲು

ಪ್ರೀತಿಯ ತಮ್ಮಾ,

ಬೀದರಿನಿಂದ ನೀನು ಕಳಿಸಿದ ಪತ್ರವೂ ಕಥೆಯೂ ಬಂದವು. ಪತ್ರ ಓದಿ ಸಿಟ್ಟು ಬಂತು. ಕಥೆ ಓದಿದ ಮೇಲೆ ಅರ್ಧ ಇಳಿಯಿತು.

'ನಮ್ಮ ಕಡೆಯ ಓದುಗರು ಅನ್‌ಡಿಸರ್ನಿಂಗ್' ಅಂತ ಬರೆದಿದ್ದೀಯ. ಒಳ್ಳೇದು ಕೆಟ್ಟದ್ದು ಗೊತ್ತಾಗದೆ ಕಂಡದ್ದಕ್ಕೆಲ್ಲ ತಲೆ ಆಡಿಸುವವರಿಗೆ ಹೇಳುವ ಮಾತು ಅದು. ನಿನ್ನ ಕಥೆ ಬೇಡ ಅಂದವರು ಆರಿಸಿದ್ದಾರಲ್ಲಪ್ಪ! ನಾನು ಹುಡುಗನಿದ್ದಾಗ ಒಬ್ಬ ಸಂಪಾದಕರು ನನ್ನ ಕಥೆಯಲ್ಲಿದ್ದ ನಮ್ಮ ಕಡೆಯ 'ಮಾಡ್ಲಿಕತ್ತೀನಿ'ಗಳನ್ನೆಲ್ಲ ಹೊಡೆದುಹಾಕಿ, 'ನಿಮ್ಮ ಕಡೆ ಯಾರ್ರೀ ಓದ್ತಾರೆ' ಅಂದಿದ್ದರು. ಅವರು ಈಗಿಲ್ಲ. ನನ್ನ ಸಿಟ್ಟು ಇನ್ನೂ ಇದೆ.

ಕಲಬುರಗಿಯಿಂದ ಸೇಡಂಗೆ ಹೋಗುವಾಗ ಮಳಖೇಡ ಸಿಗುತ್ತದೆ, ಕಾಗಿಣಾ ದಂಡೆಯಲ್ಲಿ. ಬಸ್ಸಿನಿಂದ ನೋಡಿರ್ತೀಯ, ಇಳಿದಿರಲ್ಲ. ರಾಷ್ಟ್ರಕೂಟರ ರಾಜಧಾನಿ ಅದು. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ, ಕನ್ನಡದ ಜನ ಕೂತು ಓದದಿದ್ದರೂ ಕಾವ್ಯ ಬಲ್ಲವರು ಅನ್ನುತ್ತದೆ. ಅದೇ ಪುಸ್ತಕ ಕಾವ್ಯದ ದೋಷಗಳ ಮಾತು ಬಂದಾಗ ಕವಿಗಳನ್ನು ಸುಮ್ನೆ ಬಿಡುವುದಿಲ್ಲ. ನೀನು ಇದನ್ನು ಉಲ್ಟಾ ಮಾಡಿಕೊಂಡಿದ್ದೀಯ.

ಈಗ ನಿನ್ನ ಕಥೆ. ಬಿದ್ರಿ ಕೆಲಸದ ಮುದುಕ, ಒಳ್ಳೇದು. ಆದರೆ ಮೊದಲ ಪುಟದಲ್ಲೇ ಕೋಟೆ, ನಾನಕ್ ಝೀರಾ, ಝರಣಿ ನರಸಿಂಹ, ಗವಾನನ ಮದರಸಾ. ಪ್ರವಾಸದ ಬಸ್ಸು ಹತ್ತಿಸಿದ ಹಾಗಾಯ್ತು. ಮುದುಕನ ಕಣ್ಣು ಕೈಯಲ್ಲಿರೋ ಹೂದಾನಿ ಮೇಲೆ ಅಲ್ವಾ? ನಾಲ್ಕನೇ ಪುಟದಲ್ಲಿ ಅವನು ಕೋಟೆಯ ಮಣ್ಣು ಚಿಟಿಕೆ ತೆಗೆದು ನಾಲಿಗೆಗಿಟ್ಟು, 'ಇದಲ್ಲ' ಅಂತ ಉಗುಳುತ್ತಾನೆ. ಅಲ್ಲಿ ನಾನು ಎದ್ದು ಕೂತೆ. ಸರಿಯಾದ ಮಣ್ಣು ಸಿಕ್ಕ ಮೇಲೆ ನವಸಾಗರದ ಉಪ್ಪು ಬೆರೆಸಿ ಕುದಿಸುವುದು, ಸತು-ತಾಮ್ರದ ಮೈ ಕಪ್ಪಾಗಿ ಬೆಳ್ಳಿಯ ಎಳೆ ಮಾತ್ರ ಹೊಳೆಯುವುದು, ಇದನ್ನೆಲ್ಲ ಮೂರು ಸಾಲಲ್ಲಿ ಮುಗಿಸಿದ್ದೀಯ. ಮದರಸಾಕ್ಕೆ ಒಂದೂವರೆ ಪುಟ! ಅದರಲ್ಲಿ 1472 ಅಂತ ಇಸವಿ ಬೇರೆ. ಮುದುಕನಿಗೆ ಅದು ಯಾಕೆ ಬೇಕು ಹೇಳು.

ಗೆಳೆಯರೆಲ್ಲ 'ವಾಹ್' ಅಂದರಂತೆ. ಕಳೆದ ವರ್ಷದ ನಿನ್ನ ಪದ್ಯಗಳಿಗೂ ಅವರೇ ವಾಹ್ ಅಂದಿದ್ದರು, ಆ ಪದ್ಯಗಳನ್ನು ನಾನೂ ಓದಿದ್ದೇನೆ. ಅವರಿಗೆ ಚಹಾ ಕುಡಿಸು, ಕಥೆ ಕೊಡಬೇಡ. ಬಿದ್ರಿ ಕೆಲಸದವರ ಓಣಿಗೆ ಹೋಗಿ ಓದಿ ಹೇಳು. ಎಲ್ಲಿ ಆಕಳಿಸುತ್ತಾರೆ, ಎಲ್ಲಿ 'ಹಂಗಲ್ಲ ಅದು' ಅಂತ ತಡೆಯುತ್ತಾರೆ, ಗುರುತು ಹಾಕಿಕೋ.

ಪ್ರಕಾಶಕರು, ಬಹುಮಾನ, ಪುಟದ ಲೆಕ್ಕ ಎಲ್ಲ ಆಮೇಲೆ. ಮಣ್ಣಿನ ಪುಟವನ್ನು ಮತ್ತೆ ಬರೆದು ಕಳಿಸು. ದೀಪಾವಳಿಗೆ ಬೀದರಿಗೆ ಬರುವವನಿದ್ದೇನೆ, ಅಷ್ಟರೊಳಗೆ ಬರಲಿ.

ನಿನ್ನ ಕಾಕಾ,
ಕಲಬುರಗಿ